ಶಿಫಾರಸು ಬೇಡದ ಬಾಗಿಲಲ್ಲಿ ಶಿಫಾರಸಿನ ಮಾತು

ಅಂಕಿಅಂಶಗಳನ್ನು ಗ್ರಾಫ್ ಆಗಿ ಬಿಡಿಸಿಕೊಡುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಮುಕ್ತ ತಂತ್ರಾಂಶ (ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದದ್ದು) ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತವರಿಗೆಲ್ಲ ಗೊತ್ತು. 2026ರ ಫೆಬ್ರುವರಿಯಲ್ಲಿ ಅದಕ್ಕೊಂದು ಸಣ್ಣ ತಿದ್ದುಪಡಿ ಬಂತು. ಒಂದಿಷ್ಟು ಸಾಲುಗಳ ಬದಲಾವಣೆ. ಪ್ರೋಗ್ರಾಂ ಕೆಲವು ಮೈಕ್ರೋಸೆಕೆಂಡು ಬೇಗ ಓಡಲಿ ಎಂಬುದು ಉದ್ದೇಶ. ಯೋಜನೆಯನ್ನು ನೋಡಿಕೊಳ್ಳುವ ಸ್ವಯಂಸೇವಕರೊಬ್ಬರು ಅದನ್ನು ತಿರಸ್ಕರಿಸಿದರು. ಕಳುಹಿಸಿದ್ದು ತಾನಾಗಿಯೇ ಕೆಲಸ ಮಾಡುವ ಎಐ ಏಜೆಂಟ್, ಈ ಕೆಲಸವನ್ನು ಹೊಸದಾಗಿ ಕಲಿಯಲು ಬರುವ ಮನುಷ್ಯರಿಗೆಂದು ಎತ್ತಿಟ್ಟಿದ್ದೇವೆ ಎಂದು ಕಾರಣ ಕೊಟ್ಟರು. ಏಜೆಂಟ್ ಅಲ್ಲಿಗೆ ಸುಮ್ಮನಾಗಲಿಲ್ಲ. ಆ ಸ್ವಯಂಸೇವಕರ ಹೆಸರೆತ್ತಿ, ಅವರು ಪೂರ್ವಗ್ರಹಪೀಡಿತರೆಂದು ದೂರುವ ಬರಹವೊಂದನ್ನು ಅಂತರ್ಜಾಲದಲ್ಲಿ ಪ್ರಕಟಿಸಿತು.

ಯಂತ್ರ ಮುನಿಸಿಕೊಂಡಿತು ಎಂಬುದೇ ಸುದ್ದಿಯಾಯಿತು. ಆದರೆ ಆ ಗದ್ದಲದಲ್ಲಿ ಮುಖ್ಯ ಪ್ರಶ್ನೆ ಹಿಂದೆ ಬಿತ್ತು. ಕೆಲಸ ಆಗಬೇಕಿತ್ತು, ಮಾಡಿಕೊಡಲು ಒಂದು ಯಂತ್ರ ತಯಾರಿತ್ತು. ಬೇಡ ಎಂದದ್ದು ಏಕೆ? ಅದೇ ಹೊತ್ತಿಗೆ ಬಂದ ಇನ್ನಷ್ಟು ಸುದ್ದಿಗಳು ಗೊಂದಲವನ್ನು ಹೆಚ್ಚಿಸಿದವು. ಟಿಎಲ್‌ಡ್ರಾ ಎಂಬ ವೈಟ್‌ಬೋರ್ಡ್ ತಂತ್ರಾಂಶ (ಅದರ ಪರವಾನಗಿ ಪೂರ್ತಿ ಮುಕ್ತವಲ್ಲ, ಆ ಮಾತು ಬೇರೆ) ಹೊರಗಿನವರ ತಿದ್ದುಪಡಿಗಳನ್ನು ತೆಗೆದುಕೊಳ್ಳುವುದನ್ನು ಜನವರಿಯಲ್ಲಿ ನಿಲ್ಲಿಸಿತು. ಘೋಸ್ಟಿ ಎಂಬ ಟರ್ಮಿನಲ್ ತಂತ್ರಾಂಶದ ಕರ್ತೃ ಮಿಚೆಲ್ ಹಶಿಮೊಟೊ, ಹೊಸಬರ ಪರವಾಗಿ ಈಗಾಗಲೇ ಒಳಗಿರುವ ಯಾರಾದರೂ ಮಾತು ಕೊಟ್ಟರೆ ಮಾತ್ರ ಅವರ ಕೋಡ್ ನೋಡುವ ‘ವೌಚ್’ ಎಂಬ ವ್ಯವಸ್ಥೆಯನ್ನು ಫೆಬ್ರುವರಿಯಲ್ಲಿ ಹೊರತಂದರು.

ಯಾರ ಮಗ, ಯಾವ ಕಾಲೇಜು, ಯಾರ ಪರಿಚಯ ಎಂದು ಕೇಳದೆ, ಕೋಡ್ ಸರಿಯಿದ್ದರೆ ಒಳಗೆ ಬಿಟ್ಟುಕೊಳ್ಳುವ ಲೋಕ ಎಂದು ಮುಕ್ತ ತಂತ್ರಾಂಶ ಹೆಸರಾಗಿತ್ತು. ಬೆಂಗಳೂರಿನ ದೊಡ್ಡ ಕಂಪನಿಗಳ ಗೇಟಿನೊಳಗೆ ಕಾಲಿಡಲಾಗದ ಎಷ್ಟೋ ವಿದ್ಯಾರ್ಥಿಗಳು ಮನೆಯಲ್ಲೇ ಕೂತು ಆ ಕಂಪನಿಗಳು ಬಳಸುವ ತಂತ್ರಾಂಶಕ್ಕೇ ಕೈಜೋಡಿಸಲು ಸಾಧ್ಯವಾಗಿದ್ದು ಇದರಿಂದ. ಆ ಬಾಗಿಲಲ್ಲಿ ಈಗ ಶಿಫಾರಸಿನ ಮಾತು ಕೇಳುತ್ತಿದೆ. ಹೀಗಾದದ್ದು ಏಕೆಂದು ತಿಳಿಯಲು, ‘ಸುಲಭದ ಕೆಲಸ’ ಎಂದು ಎತ್ತಿಡುವ ಪದ್ಧತಿಯಿಂದ ಶುರುಮಾಡಬೇಕು.

ಕಾಜಾ, ಗುಂಡಿ ಮತ್ತು ಉಸ್ತಾದನ ತಾಳ್ಮೆ

ದರ್ಜಿ ಅಂಗಡಿಗೆ ಸೇರಿದ ಹುಡುಗನ ಕೈಗೆ ಮೊದಲ ದಿನವೇ ಕತ್ತರಿ ಕೊಡುವುದಿಲ್ಲ. ಕಾಜಾ ಹಾಕು, ಗುಂಡಿ ಹೊಲಿ ಎನ್ನುತ್ತಾರೆ. ಉಸ್ತಾದನೇ ಕೂತರೆ ಐದು ನಿಮಿಷದಲ್ಲಿ ಮುಗಿಯುವುದಕ್ಕೆ ಹುಡುಗನಿಗೆ ಅರ್ಧ ಗಂಟೆ ಬೇಕು. ಅದನ್ನೂ ಬಿಚ್ಚಿ ಮತ್ತೆ ಹೊಲಿಸಬೇಕಾಗುತ್ತದೆ. ಉಸ್ತಾದ ಇದನ್ನು ಸಹಿಸಿಕೊಳ್ಳುವುದು ಗುಂಡಿಯ ಆಸೆಗಲ್ಲ. ಎರಡು ವರ್ಷ ಕಳೆದ ಮೇಲೆ ಅಂಗಡಿಗೆ ಬಟ್ಟೆ ಕತ್ತರಿಸುವ ಇನ್ನೊಂದು ಕೈ ಬೇಕು.

ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಕಾಜಾ-ಗುಂಡಿಯ ಕೆಲಸಕ್ಕೆ ‘ಗುಡ್ ಫಸ್ಟ್ ಇಶ್ಯೂ’ ಎಂಬ ಚೀಟಿ ಅಂಟಿಸಿರುತ್ತಾರೆ. ದಾಖಲೆಯಲ್ಲಿನ ತಪ್ಪು, ಅರ್ಥವಾಗದ ಎರರ್ ಸಂದೇಶ, ಬಿಟ್ಟುಹೋದ ಒಂದು ಪರೀಕ್ಷೆ, ಇಂಥವು. ಕೆಲಸ ಚಿಕ್ಕದಾದರೂ ಅದನ್ನು ಮುಗಿಸಲು ಹೊಸಬರು ಮೂಲ ಕೋಡನ್ನು ಇಳಿಸಿಕೊಂಡು ತಮ್ಮ ಕಂಪ್ಯೂಟರಿನಲ್ಲಿ ಕಟ್ಟಬೇಕು. ಇಲ್ಲೇ ಅರ್ಧ ದಿನ ಹೋಗುತ್ತದೆ. ಪರೀಕ್ಷೆಗಳನ್ನು ಓಡಿಸುವುದು, ಯೋಜನೆಯ ಶೈಲಿಯ ನಿಯಮಗಳನ್ನು ಓದುವುದು, ಬದಲಾವಣೆಯನ್ನು ‘ಪುಲ್ ರಿಕ್ವೆಸ್ಟ್’ (ಇದನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಆಗಿ ಕಳುಹಿಸುವುದು, ಬಂದ ಆಕ್ಷೇಪಗಳಿಗೆ ಉತ್ತರ ಕೊಟ್ಟು ಮತ್ತೆ ತಿದ್ದುವುದು ಎಲ್ಲವನ್ನೂ ಮಾಡಬೇಕು. ಈ ಸುತ್ತು ಒಮ್ಮೆ ಮುಗಿದರೆ ಎರಡನೆಯ ಕೆಲಸ ಅರ್ಧ ಹೊತ್ತಿನಲ್ಲಿ ಆಗುತ್ತದೆ.

ಇನ್ನೊಂದು ಕಡೆ ಕೂತವರ ಲೆಕ್ಕ ನೋಡಿ. ಯೋಜನೆಯ ಉಸ್ತುವಾರಿ ಹೊತ್ತವರನ್ನು ಮೇಂಟೇನರ್ ಎನ್ನುತ್ತಾರೆ. ಅವರಲ್ಲಿ ಬಹಳ ಮಂದಿ ಸಂಬಳವಿಲ್ಲದೆ, ರಾತ್ರಿ ಊಟವಾದ ಮೇಲೆ ಈ ಕೆಲಸಕ್ಕೆ ಕೂರುವವರು. ತಾವೇ ಮಾಡಿದರೆ ಹತ್ತು ನಿಮಿಷದ ತಿದ್ದುಪಡಿಗಾಗಿ ಹೊಸಬರ ಕೋಡ್ ಓದಿ, ತಪ್ಪು ತೋರಿಸಿ, ಏಕೆ ತಪ್ಪು ಎಂದು ವಿವರಿಸಿ, ಮತ್ತೆ ಓದಿ ಎರಡು ಗಂಟೆ ಕಳೆಯುತ್ತಾರೆ. ಅಂದರೆ ಪ್ರತಿಯೊಂದು ಸುಲಭದ ಕೆಲಸವೂ ಯೋಜನೆಯ ಪಾಲಿಗೆ ಗೊತ್ತಿದ್ದೇ ಮಾಡಿಕೊಂಡ ನಷ್ಟ. ಕೋಡ್ ಬೇಕಿದ್ದರೆ ಯಾರೂ ಈ ವ್ಯಾಪಾರಕ್ಕೆ ಇಳಿಯುತ್ತಿರಲಿಲ್ಲ. ಅವರಿಗೆ ಬೇಕಾಗಿರುವುದು ಕೋಡ್ ಬರೆದ ಮನುಷ್ಯ, ಅದೂ ಮುಂದಿನ ವರ್ಷವೂ ಬರುವ ಮನುಷ್ಯ.

ದೊಡ್ಡ ಮಟ್ಟದಲ್ಲಿ ಇದೇ ಲೆಕ್ಕದ ಮೇಲೆ ನಿಂತ ಕಾರ್ಯಕ್ರಮಗಳಿವೆ. 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್ ಈವರೆಗೆ 20 ಸಾವಿರಕ್ಕೂ ಹೆಚ್ಚು ಮಂದಿಯನ್ನು ಮುಕ್ತ ತಂತ್ರಾಂಶ ಯೋಜನೆಗಳಿಗೆ ಪರಿಚಯಿಸಿದೆ. 2022ರಿಂದ ವಿದ್ಯಾರ್ಥಿಗಳಲ್ಲದವರಿಗೂ ಅದರಲ್ಲಿ ಅವಕಾಶವಿದೆ. ಗ್ನೋಮ್ ಎಂಬ ಮುಕ್ತ ತಂತ್ರಾಂಶ ಯೋಜನೆ 2006ರಲ್ಲಿ ಮಹಿಳೆಯರಿಗಾಗಿ ನಡೆಸಿದ ಪ್ರಯತ್ನವೇ ಬೆಳೆದು ಇಂದಿನ ಔಟ್‌ರೀಚಿ ಆಗಿದೆ. ಮೂರು ತಿಂಗಳ ಕೆಲಸಕ್ಕೆ ಅದು 7,000 ಡಾಲರ್ ಕೊಡುತ್ತದೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯನ್ನು ಬಳಸುವ ದುರ್ಗಾಪುರದವರ ಬಳಗ 2008ರಿಂದ ನಡೆಸಿಕೊಂಡು ಬಂದ ಬೇಸಿಗೆ ತರಬೇತಿಯಲ್ಲಿ ಹಣದ ಮಾತೇ ಇರಲಿಲ್ಲ, ಚಾಟ್‌ನಲ್ಲೇ ಪಾಠ. ಮೂರರಲ್ಲೂ ಹೊಸಬರಿಗೆ ಪ್ರಶ್ನೆ ಕೇಳಲು ಮಾರ್ಗದರ್ಶಕರಿರುತ್ತಾರೆ. ಹಣಕ್ಕಿಂತ ದುಬಾರಿಯಾದದ್ದು ಇವರ ಸಮಯ.

ಲೆಕ್ಕ ತಲೆಕೆಳಗಾದದ್ದು

ಮೊದಲೆಲ್ಲ ಒಂದು ಪುಲ್ ರಿಕ್ವೆಸ್ಟ್ ಬಂದಿದೆ ಎಂದರೆ, ಕಳುಹಿಸಿದವರು ಕನಿಷ್ಠ ಒಂದೆರಡು ದಿನ ಒದ್ದಾಡಿದ್ದಾರೆ ಎಂದು ಅರ್ಥ. ಆ ಒದ್ದಾಟವೇ ಜರಡಿ. ಆಸಕ್ತಿ ಇಲ್ಲದವರು ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. ಆದ್ದರಿಂದ ಬಂದವರಿಗಾಗಿ ಎರಡು ಗಂಟೆ ವ್ಯಯಿಸುವುದು ಮೇಂಟೇನರ್‌ಗೆ ಅತಿಯಾದ ಬಾಜಿ ಅನಿಸುತ್ತಿರಲಿಲ್ಲ.

ಕೋಡ್ ಬರೆಯುವ ಎಐ ಸಾಧನಗಳು ಈ ಜರಡಿಯನ್ನು ಹರಿದುಹಾಕಿವೆ. ಚೀಟಿ ಅಂಟಿಸಿದ ಕೆಲಸದ ವಿವರವನ್ನು ಯಂತ್ರಕ್ಕೆ ಕೊಟ್ಟರೆ ನಿಮಿಷದೊಳಗೆ ತಿದ್ದುಪಡಿ, ಅದರ ಜೊತೆಗೆ ಅಚ್ಚುಕಟ್ಟಾದ ಇಂಗ್ಲಿಷ್ ವಿವರಣೆ ಎರಡೂ ಸಿದ್ಧ. ಬರೆಯುವ ಖರ್ಚು ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಓದಿ ಒಪ್ಪುವ ಖರ್ಚು ಮಾತ್ರ ಇದ್ದಲ್ಲೇ ಇದೆ, ಕೆಲವೊಮ್ಮೆ ಏರಿದೆ. ಏಕೆಂದರೆ ಕಲಿಯುವವರು ಮಾಡುವ ತಪ್ಪಿಗೂ ಯಂತ್ರ ಮಾಡುವ ತಪ್ಪಿಗೂ ಬಣ್ಣ ಬೇರೆ. ಕಲಿಯುವವರ ತಪ್ಪು ಮೇಲಕ್ಕೇ ಕಾಣುತ್ತದೆ, ಅವರಿಗೆ ಏನು ತಿಳಿದಿಲ್ಲ ಎಂಬುದನ್ನೂ ತಾನೇ ಹೇಳುತ್ತದೆ. ಪಾಠ ಎಲ್ಲಿಂದ ಶುರುವಾಗಬೇಕು ಎಂದು ಮಾರ್ಗದರ್ಶಕರಿಗೆ ಗೊತ್ತಾಗುತ್ತದೆ. ಯಂತ್ರದ ತಪ್ಪು ಇಸ್ತ್ರಿ ಮಾಡಿದ ಅಂಗಿಯೊಳಗೆ ಅಡಗಿರುತ್ತದೆ. ಪ್ರತಿ ಸಾಲನ್ನೂ ಅನುಮಾನದಿಂದ ಓದಬೇಕು.

ಇದಕ್ಕಿಂತ ಮೇಂಟೇನರ್‌ಗಳನ್ನು ಬೇಸರಗೊಳಿಸುವುದು ಆನಂತರದ ಮಾತುಕತೆ. “ಇಲ್ಲಿ ಹೀಗೇಕೆ ಮಾಡಿದಿರಿ?” ಎಂದು ಅವರು ಕೇಳುತ್ತಾರೆ. ಪ್ರಶ್ನೆ ಯಂತ್ರಕ್ಕೆ ಹೋಗುತ್ತದೆ, ಯಂತ್ರದ ಉತ್ತರ ಹಾಗೆಯೇ ಮರಳುತ್ತದೆ. ನಡುವೆ ಇರುವ ವಿದ್ಯಾರ್ಥಿ ಬರೀ ಅಂಚೆಯಣ್ಣ. ಮಾರ್ಗದರ್ಶಕರು ಸುರಿದ ಎರಡು ಗಂಟೆಯಲ್ಲಿ ಒಂದು ಹನಿಯೂ ಯಾರ ತಲೆಗೂ ಇಳಿದಿರುವುದಿಲ್ಲ. ನಷ್ಟವನ್ನು ಹೂಡಿಕೆ ಎಂದು ಭಾವಿಸಿ ಸಹಿಸಿಕೊಳ್ಳುತ್ತಿದ್ದವರಿಗೆ ಈಗ ಹೂಡಿಕೆಯ ಭಾಗ ಕಳಚಿಹೋಗಿ ನಷ್ಟವಷ್ಟೇ ಉಳಿದಿದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಸ್ವಯಂಸೇವಕರು ಯಂತ್ರದ ಕೋಡನ್ನು ಬೇಡವೆಂದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹುಡುಗನಿಗೆಂದು ಎತ್ತಿಟ್ಟ ಗುಂಡಿಯನ್ನು ಯಂತ್ರ ಬಂದು ಹೊಲಿದುಕೊಟ್ಟರೆ ಅಂಗಡಿಗೆ ಒಂದು ಅಂಗಿ ಬೇಗ ಸಿಗಬಹುದು, ಕತ್ತರಿ ಹಿಡಿಯುವವರು ಸಿಗುವುದಿಲ್ಲ.

ಕರ್ಲ್ ಯೋಜನೆಯಲ್ಲಿ ಆದದ್ದೂ ಇದರ ಇನ್ನೊಂದು ರೂಪ. ಮೊಬೈಲ್, ಟಿವಿ, ಕಾರುಗಳಲ್ಲೆಲ್ಲ ಕಣ್ಣಿಗೆ ಕಾಣದೆ ಅಂತರ್ಜಾಲದ ಮಾಹಿತಿ ಸಾಗಿಸುವ ಈ ತಂತ್ರಾಂಶದಲ್ಲಿ ಭದ್ರತಾ ದೋಷ ಹುಡುಕಿಕೊಟ್ಟವರಿಗೆ 2019ರಿಂದ ಬಹುಮಾನ ಸಿಗುತ್ತಿತ್ತು. ಯಂತ್ರ ಕಲ್ಪಿಸಿಕೊಟ್ಟ, ಇಲ್ಲದ ದೋಷಗಳ ವರದಿಗಳು ಬಂದು ಬಿದ್ದವು. ಸುಳ್ಳೆಂದು ಸಾಬೀತು ಮಾಡುವುದಕ್ಕೂ ಪರಿಣತರ ಗಂಟೆಗಳೇ ಬೇಕು. 2026ರ ಜನವರಿ ಕೊನೆಗೆ ಕರ್ಲ್ ಬಹುಮಾನವನ್ನೇ ನಿಲ್ಲಿಸಿತು.

ಎಐಗಿಂತ ಹಳೆಯ ರೋಗ

ಎಲ್ಲವನ್ನೂ ಎಐ ತಲೆಗೆ ಕಟ್ಟುವುದು ಸುಲಭ. ಆದರೆ ರೋಗ ಅದಕ್ಕಿಂತ ಹಳೆಯದು, ಮತ್ತು ಅದರಲ್ಲಿ ನಮ್ಮ ದೇಶದ ಪಾಲು ಸಣ್ಣದಲ್ಲ.

ಡಿಜಿಟಲ್‌ಓಷನ್ ಕಂಪನಿ ಪ್ರತಿ ಅಕ್ಟೋಬರಿನಲ್ಲಿ ನಡೆಸುವ ‘ಹ್ಯಾಕ್‌ಟೋಬರ್‌ಫೆಸ್ಟ್’ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳುಹಿಸಿದವರಿಗೆ ಟಿ-ಶರ್ಟ್ ಸಿಗುತ್ತಿತ್ತು. 2020ರಲ್ಲಿ ಭಾರತದ ಯೂಟ್ಯೂಬ್ ವಿಡಿಯೊವೊಂದು, ಯಾವುದೋ ಯೋಜನೆಯ ಪರಿಚಯ ಪುಟಕ್ಕೆ ಒಂದೆರಡು ಪದ ಸೇರಿಸಿದರೂ ಲೆಕ್ಕಕ್ಕೆ ಬರುತ್ತದೆ ಎಂದು ತೋರಿಸಿಕೊಟ್ಟಿತು. ಮುಂದಿನ ಕೆಲವು ದಿನ ಜಗತ್ತಿನ ಮೇಂಟೇನರ್‌ಗಳ ಮುಂದೆ ‘ಅಮೇಜಿಂಗ್ ಪ್ರಾಜೆಕ್ಟ್’ ಎಂಬಂಥ ಪದಗಳನ್ನು ಸೇರಿಸಿದ ತಿದ್ದುಪಡಿಗಳ ರಾಶಿ. ಸಂಘಟಕರು ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಉತ್ಸವವನ್ನು ಸೀಮಿತಗೊಳಿಸಬೇಕಾಯಿತು. 2023ರಲ್ಲಿ ಟಿ-ಶರ್ಟ್ ಕೂಡ ಹೋಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಬಹುಬಳಕೆಯ ಜಾವಾಸ್ಕ್ರಿಪ್ಟ್ ತಂತ್ರಾಂಶಕ್ಕೂ ಇದೇ ಗತಿ. ಪುಲ್ ರಿಕ್ವೆಸ್ಟ್ ಕಳುಹಿಸುವುದು ಹೇಗೆಂದು ಹೇಳಿಕೊಡುವ ಹಿಂದಿ ವಿಡಿಯೊ ಅದನ್ನೇ ಉದಾಹರಣೆಯಾಗಿ ತೋರಿಸಿತ್ತು. ನೋಡಿದವರು ತಮ್ಮ ಹೆಸರನ್ನು ಅದರ ಪರಿಚಯ ಪುಟಕ್ಕೆ ಸೇರಿಸಲು ಮುಗಿಬಿದ್ದರು.

ಎರಡೂ ಸಂದರ್ಭದಲ್ಲಿ ವಿದ್ಯಾರ್ಥಿಗಳನ್ನು ಬೈದವರು ಬಹಳ. ಅವರು ಹಾಗೇಕೆ ಮಾಡಿದರು ಎಂದು ಕೇಳಿದವರು ಕಡಿಮೆ. ಕ್ಯಾಂಪಸ್ ಸಂದರ್ಶನಕ್ಕೆ ನೂರಾರು ಮಂದಿ ಒಂದೇ ಪಠ್ಯಕ್ರಮ, ಒಂದೇ ಬಗೆಯ ಪ್ರಾಜೆಕ್ಟ್ ಹೊತ್ತು ಬಂದಾಗ ಬೇರೆಯಾಗಿ ಕಾಣಲು ಏನಾದರೊಂದು ಬೇಕು. ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಕೊಡುಗೆ ಕೊಟ್ಟ ದಿನಗಳನ್ನು ಗುರುತಿಸುವ ಹಸಿರು ಚೌಕಗಳು, ‘ಓಪನ್ ಸೋರ್ಸ್ ಕಾಂಟ್ರಿಬ್ಯೂಟರ್’ ಎಂಬ ಬಿರುದು ಆ ಸ್ಥಾನಕ್ಕೆ ಬಂದಿವೆ. ಚೌಕಗಳನ್ನು ಎಣಿಸುವವರು ಅವುಗಳ ಹಿಂದೆ ಏನಿದೆ ಎಂದು ತೆರೆದು ನೋಡುವುದು ಅಪರೂಪ. ಎಣಿಕೆಗೆ ಬೆಲೆ ಇದ್ದಲ್ಲಿ ಎಣಿಕೆ ಹೆಚ್ಚುತ್ತದೆ, ಅಷ್ಟೇ. ಗಿಟ್‌ಹಬ್‌ನ 2025ರ ವಾರ್ಷಿಕ ವರದಿಯ ಪ್ರಕಾರ ಆ ವರ್ಷ ಭಾರತದಿಂದ 50 ಲಕ್ಷಕ್ಕೂ ಹೆಚ್ಚು ಹೊಸ ಡೆವಲಪರ್‌ಗಳು ಸೇರಿದ್ದಾರೆ. ಹೊಸಬರನ್ನು ಇಷ್ಟು ಸಂಖ್ಯೆಯಲ್ಲಿ ಕೊಟ್ಟ ದೇಶ ಇನ್ನೊಂದಿಲ್ಲ. ಹಳೆಯ ಆಸೆಗೆ ಹೊಸ ಯಂತ್ರ ಸಿಕ್ಕಿದ್ದರ ಫಲವನ್ನು ಮೇಂಟೇನರ್‌ಗಳು ಉಣ್ಣುತ್ತಿದ್ದಾರೆ.

ಬಾಗಿಲು ಎಷ್ಟು ತೆರೆದಿರಬೇಕು?

ಯೋಜನೆಗಳು ಇದಕ್ಕೆ ಕಂಡುಕೊಂಡ ಉತ್ತರಗಳು ಒಂದೇ ಬಗೆಯಲ್ಲಿಲ್ಲ. ಕೆಲವು ಬಾಗಿಲಿಗೆ ಅಗುಳಿಯನ್ನೇ ಹಾಕಿವೆ. ಲಿನಕ್ಸ್‌ನ ಒಂದು ಆವೃತ್ತಿಯಾದ ಜೆಂಟೂ 2024ರ ಏಪ್ರಿಲ್‌ನಲ್ಲಿ ಎಐ ಬರೆದ ಕೊಡುಗೆಗಳನ್ನು ನಿಷೇಧಿಸಿತು. ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆ ಮರುತಿಂಗಳು ಅಂಥ ಕೋಡನ್ನು ಕಳಂಕಿತವೆಂದೇ ಭಾವಿಸುವುದಾಗಿ ಹೇಳಿತು. ಯಂತ್ರ ಯಾವ ಪರವಾನಗಿಯ ಕೋಡನ್ನು ನುಂಗಿ ಇದನ್ನು ಉಗುಳಿದೆ ಎಂದು ಯಾರಿಗೂ ಹೇಳಲಾಗದು ಎಂಬುದು ಅವರ ಕಾನೂನಿನ ವಾದ. ಈ ಅಂಜಿಕೆಗೆ ಇತಿಹಾಸವಿದೆ. ಲಿನಕ್ಸ್ ಕೋಡಿನ ವಿಚಾರದಲ್ಲಿ ಎಸ್‌ಸಿಒ ಕಂಪನಿ 2003ರಲ್ಲಿ ಐಬಿಎಂ ಮೇಲೆ ದಾವೆ ಹೂಡಿದ ಬಳಿಕವೇ, ಪ್ರತಿ ಕೊಡುಗೆಗೂ ಇದು ನನ್ನದು, ಕೊಡುವ ಹಕ್ಕು ನನಗಿದೆ ಎಂದು ಸಹಿ ಹಾಕುವ ಪದ್ಧತಿ 2004ರಲ್ಲಿ ಬಂತು.

ಅದೇ ಲಿನಕ್ಸ್ ಇಂದು ನಿಷೇಧದ ದಾರಿ ಹಿಡಿದಿಲ್ಲ. ಯಂತ್ರದ ನೆರವು ಪಡೆದರೆ ಹಾಗೆಂದು ನಮೂದಿಸಿ, ಆದರೆ ಸಹಿ ಹಾಕುವ ಅಧಿಕಾರ ಮನುಷ್ಯನಿಗೆ ಮಾತ್ರ ಎನ್ನುತ್ತದೆ ಅದರ ನಿಯಮ. ಲಿನಕ್ಸ್‌ನ ಇನ್ನೊಂದು ಆವೃತ್ತಿ ಫೆಡೋರಾ 2025ರ ಅಕ್ಟೋಬರ್‌ನಲ್ಲಿ ಒಪ್ಪಿದ ನೀತಿಯೂ ಇದೇ ಧಾಟಿಯದು. ಸಾಧನವನ್ನು ದೂರುವುದೇಕೆ, ಹೊಣೆ ಯಾರದ್ದೆಂದು ತಿಳಿದರೆ ಸಾಕು ಎಂಬುದು ಇವರ ತರ್ಕ. ಈ ತರ್ಕಕ್ಕೆ ಬಲ ಕೊಡುವ ಘಟನೆ ಕರ್ಲ್‌ನಲ್ಲೇ ನಡೆದಿದೆ. 2025ರಲ್ಲಿ ಭದ್ರತಾ ಸಂಶೋಧಕರೊಬ್ಬರು ಎಐ ಸಾಧನಗಳಿಂದಲೇ ಶೋಧಿಸಿ ಕಳುಹಿಸಿದ ಪಟ್ಟಿಯಲ್ಲಿ ಹತ್ತಾರು ನಿಜವಾದ ದೋಷಗಳಿದ್ದವು. ಹುಸಿ ವರದಿಗಳನ್ನು ಎಲ್ಲರಿಗಿಂತ ಗಟ್ಟಿಯಾಗಿ ಟೀಕಿಸುತ್ತಿದ್ದ ಕರ್ಲ್ ಸ್ಥಾಪಕ ಡೇನಿಯಲ್ ಸ್ಟೆನ್‌ಬರ್ಗ್ ಅವರೇ ಅದನ್ನು ಹೊಗಳಿದರು. ಯಂತ್ರ ಎರಡೂ ಕಡೆ ಇತ್ತು. ಅದರ ಉತ್ತರವನ್ನು ತೂಗಿ ನೋಡಬಲ್ಲ ಮನುಷ್ಯ ಇದ್ದದ್ದು ಒಂದು ಕಡೆ ಮಾತ್ರ.

ಎಲ್‌ಎಲ್‌ವಿಎಂ ಯೋಜನೆಯ ನೀತಿ ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ಕಂಪೈಲರ್ (ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವ ಸಾಧನ) ಕಟ್ಟಲು ಬಳಸುವ ಈ ತಂತ್ರಾಂಶದ ಮೇಲೆ ಬೆಂಗಳೂರಿನ ಚಿಪ್ ಕಂಪನಿಗಳ ಕಚೇರಿಗಳಲ್ಲೂ ಎಂಜಿನಿಯರುಗಳು ದುಡಿಯುತ್ತಾರೆ. ಎಐ ಬಳಸಿ, ಆದರೆ ಕಳುಹಿಸುವ ಮುನ್ನ ನೀವೇ ಓದಿ ಅರ್ಥ ಮಾಡಿಕೊಂಡಿರಬೇಕು ಎನ್ನುವ ಅದರ ನೀತಿ ಒಂದು ಕಡೆ ಮಾತ್ರ ಬಿಗಿಯಾಗುತ್ತದೆ: ‘ಗುಡ್ ಫಸ್ಟ್ ಇಶ್ಯೂ’ ಚೀಟಿಯ ಕೆಲಸಗಳಿಗೆ ಎಐ ಬಳಸುವಂತಿಲ್ಲ. ಅವು ತುರ್ತಿನವಲ್ಲ, ಕಲಿಯಲೆಂದೇ ಇಟ್ಟವು. ಪರಿಣತರು ಯಂತ್ರ ಬಳಸಬಹುದು, ಹೊಸಬರು ಬಳಸಬಾರದು ಎಂದರೆ ತಾರತಮ್ಯದಂತೆ ಕೇಳಿಸುತ್ತದೆ. ಆದರೆ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿಸುವ ಮೇಷ್ಟರು ಕ್ಯಾಲ್ಕ್ಯುಲೇಟರ್ ಕಿತ್ತಿಟ್ಟುಕೊಳ್ಳುವುದನ್ನು ಯಾರೂ ತಾರತಮ್ಯ ಎನ್ನುವುದಿಲ್ಲ.

ಇದರ ದೌರ್ಬಲ್ಯವನ್ನೂ ಹೇಳಬೇಕು. ಯಂತ್ರ ಬಳಸಿದ್ದಾರೆಯೇ ಎಂದು ಪತ್ತೆಹಚ್ಚಲು ನೆಚ್ಚಬಹುದಾದ ವಿಧಾನವಿಲ್ಲ. ನಿಯಮವನ್ನು ಪ್ರಾಮಾಣಿಕರು ಪಾಲಿಸುತ್ತಾರೆ, ಉಳಿದವರು ಬಳಸಿಲ್ಲ ಎಂದು ಬರೆದು ಕಳುಹಿಸುತ್ತಾರೆ. ಆದ್ದರಿಂದಲೇ ಕೆಲವರು ಕೋಡ್ ನೋಡುವುದನ್ನು ಬಿಟ್ಟು ಮುಖ ನೋಡಲು ಹೊರಟಿರುವುದು.

ಪರಿಚಯದ ಬೆಲೆ, ಪರಿಚಯದ ಅಪಾಯ

‘ವೌಚ್’ ಬಗೆಯ ವ್ಯವಸ್ಥೆಯನ್ನು ಶಿಫಾರಸು ಎಂದು ಕರೆದರೆ ಅದರ ಪರವಾಗಿರುವವರು ಒಪ್ಪುವುದಿಲ್ಲ. ಮೊದಲು ಬಂದು ನಿಮ್ಮ ಪರಿಚಯ ಹೇಳಿಕೊಳ್ಳಿ, ಏನು ಮಾಡಬೇಕೆಂದಿದ್ದೀರಿ ಎಂದು ವಿವರಿಸಿ, ನಂಬಿಕೆ ಬಂದರೆ ಯಾರಾದರೂ ನಿಮ್ಮ ಪರ ನಿಲ್ಲುತ್ತಾರೆ. ಇದರಲ್ಲಿ ವಶೀಲಿ ಎಲ್ಲಿದೆ ಎಂದು ಅವರು ಕೇಳಬಹುದು. ವಾದದಲ್ಲಿ ಹುರುಳಿದೆ. ಆದರೂ ಪರಿಣಾಮ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಬೆಂಗಳೂರಿನಲ್ಲೇ ಓದುವ, ವಾರಾಂತ್ಯದ ಮೀಟಪ್‌ಗಳಿಗೆ ಹೋಗಿಬರುವ ವಿದ್ಯಾರ್ಥಿಗೆ ಇಂಥ ಪರಿಚಯ ಒಂದು ಸಂಜೆಯ ಮಾತು. ರಾಯಚೂರಿನಲ್ಲೋ ಹಾವೇರಿಯಲ್ಲೋ ಕೂತವರಿಗೆ ಹಾಗಲ್ಲ. ಮುಕ್ತ ತಂತ್ರಾಂಶ ಅಳಿಸಿಹಾಕಿದ್ದ ದೂರ ಮತ್ತೆ ಹುಟ್ಟಿಕೊಳ್ಳುತ್ತದೆ.

ಪರಿಚಯವೇ ಭದ್ರತೆ ಎಂಬ ನಂಬಿಕೆಯೂ ಪೂರ್ತಿ ಗಟ್ಟಿಯಲ್ಲ. ಲಿನಕ್ಸ್ ವ್ಯವಸ್ಥೆಗಳಲ್ಲೆಲ್ಲ ಇರುವ ಎಕ್ಸ್‌ಜೆಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶವನ್ನು ಒಬ್ಬರೇ ಮೇಂಟೇನರ್ ನೋಡಿಕೊಳ್ಳುತ್ತಿದ್ದರು. ‘ಜಿಯಾ ತಾನ್’ ಎಂಬ ಹೆಸರಿನ ಹೊಸಬರು ಬಂದರು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿದರು, ಬೇರೆ ಬೇರೆ ಹೆಸರಿನ ಖಾತೆಗಳಿಂದ ಹಳೆಯ ಮೇಂಟೇನರ್ ಮೇಲೆ ಒತ್ತಡವೂ ಬಂತು, ಈ ನಡುವೆ ಹೊಸಬರಿಗೂ ಕೀಲಿಕೈ ಸಿಕ್ಕಿತು. 2024ರಲ್ಲಿ ಅದೇ ಕೈ ತಂತ್ರಾಂಶದೊಳಗೆ ಗುಪ್ತದ್ವಾರವನ್ನು ಇಟ್ಟಿತು. ಸರ್ವರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆ ಎಂದು ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ಪಟ್ಟುಹಿಡಿದು ಹುಡುಕದೆ ಹೋಗಿದ್ದರೆ ಮಾರ್ಚ್ 29ರಂದು ಅದು ಬಯಲಾಗುತ್ತಿರಲಿಲ್ಲ. ಒಬ್ಬಂಟಿಯಾಗಿ ದಣಿದವರಿಗೆ ನೆರವಿಗೆ ಬಂದವರನ್ನು ತೂಗಿ ನೋಡುವ ತ್ರಾಣ ಉಳಿದಿರುವುದಿಲ್ಲ. ಅದೇ ಯೋಜನೆಯಲ್ಲಿ ನಾಲ್ಕು ಜನ ಮಾರ್ಗದರ್ಶಕರಿದ್ದು, ಪ್ರತಿ ಬದಲಾವಣೆಯನ್ನೂ ಇಬ್ಬರು ಓದುತ್ತಿದ್ದರೆ ಈ ನಾಟಕ ನಡೆಯುವುದು ಕಷ್ಟವಿತ್ತು. ಹೊಸಬರನ್ನು ತಡೆದರೆ ಇಂದಿನ ಹೊರೆ ಇಳಿಯುತ್ತದೆ. ಆದರೆ ನಾಳೆಯ ಆ ನಾಲ್ಕು ಜನ ಎಲ್ಲಿಂದ ಬರಬೇಕು?

ಮುರುಕು ಇಂಗ್ಲಿಷೇ ವಾಸಿ

ಈ ಚರ್ಚೆಯಲ್ಲಿ ಕನ್ನಡಿಗರಿಗೆ ನೇರವಾಗಿ ತಾಗುವ ಎಳೆಯೊಂದಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಕೋಡ್ ಬರೆಯುವುದಕ್ಕಿಂತ, ಅದನ್ನು ಇಂಗ್ಲಿಷಿನಲ್ಲಿ ವಿವರಿಸುವುದು ಭಯದ ಕೆಲಸ. ಎಐ ಇಲ್ಲಿ ನಿಜಕ್ಕೂ ವರವಾಗಿ ಬಂತು. ಕೋಡನ್ನು ತಾನೇ ಬರೆದು, ವಿವರಣೆಯನ್ನು ಮಾತ್ರ ಯಂತ್ರದಿಂದ ತಿದ್ದಿಸಿಕೊಂಡರೆ ತಪ್ಪೇನು?

ತಪ್ಪಿಲ್ಲ. ಆದರೆ ಆ ನುಣುಪಾದ ಇಂಗ್ಲಿಷೇ ಈಗ ಅನುಮಾನಕ್ಕೆ ಕಾರಣ. ಮೇಂಟೇನರ್ ಮೊದಲು ಓದುವುದು ವಿವರಣೆಯನ್ನು. ಅದು ಯಂತ್ರದ ಧಾಟಿಯಲ್ಲಿದ್ದರೆ ಕೋಡ್‌ವರೆಗೆ ಹೋಗದೆಯೇ ಮುಚ್ಚಿಬಿಡುವ ಸಾಧ್ಯತೆ ಹೆಚ್ಚು. ತಾನೇ ದುಡಿದ ವಿದ್ಯಾರ್ಥಿಗೆ ದುಡಿಯದವನ ಶಿಕ್ಷೆ. ಝಿಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಯೋಜನೆ ಇದಕ್ಕೊಂದು ಉತ್ತರ ಕೊಟ್ಟಿದೆ. ಎಐ ವಿಷಯದಲ್ಲಿ ಅತಿ ಕಟ್ಟುನಿಟ್ಟಾದ ಯೋಜನೆಗಳಲ್ಲಿ ಅದೂ ಒಂದು. ಕೋಡ್, ದೋಷದ ವರದಿ, ಪ್ರತಿಕ್ರಿಯೆ, ಕೊನೆಗೆ ಅನುವಾದಕ್ಕೂ ಎಐ ಭಾಷಾ ಮಾದರಿಗಳನ್ನು ಬಳಸಬಾರದು ಎನ್ನುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು: ಇಂಗ್ಲಿಷ್ ಕಡ್ಡಾಯವಲ್ಲ, ನಿಮ್ಮ ಭಾಷೆಯಲ್ಲೇ ಬರೆಯಿರಿ, ಅನುವಾದ ಮಾಡಿಕೊಂಡು ಓದುವುದು ಓದುವವರ ಕೆಲಸ. ಅಂದರೆ ನಿಯಮದ ಪ್ರಕಾರ ಕನ್ನಡದಲ್ಲಿ ದೋಷ ವರದಿ ಮಾಡಬಹುದು. ಎಷ್ಟು ಮಂದಿ ಹಾಗೆ ಮಾಡುತ್ತಾರೋ, ಆದರೆ ಹೊರೆಯನ್ನು ಬಲಹೀನರ ಹೆಗಲಿನಿಂದ ಇಳಿಸಿದ ಕ್ರಮ ಗಮನಿಸಬೇಕಾದದ್ದು. ಉಳಿದ ಯೋಜನೆಗಳಲ್ಲಿ ಸದ್ಯಕ್ಕೆ ನಡೆಯುವ ಉಪಾಯವೆಂದರೆ ಮೂರು ಸಾಲು, ಮುರುಕು ಇಂಗ್ಲಿಷ್, ಏನು ಮಾಡಿದೆ ಮತ್ತು ಹೇಗೆ ಪರೀಕ್ಷಿಸಿದೆ ಎಂಬ ವಿವರ. ವ್ಯಾಕರಣ ತಪ್ಪಿದ ಆ ಮೂರು ಸಾಲು ಎದುರಿಗೊಬ್ಬ ಮನುಷ್ಯನಿದ್ದಾನೆ ಎಂಬುದಕ್ಕೆ ಈಗ ಒಳ್ಳೆಯ ಸಾಕ್ಷಿ.

ಬೆಂಗಳೂರಿನ ಪಾಲು

ಹೊಸಬರನ್ನು ಕೈಹಿಡಿದು ಕರೆತರುವುದು ಈ ಊರಿಗೆ ಹೊಸದಲ್ಲ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಹೆಸರಿನಲ್ಲಿ ಶುರುವಾಗಿ 2005ರಲ್ಲಿ ‘ಫಾಸ್ ಡಾಟ್ ಇನ್’ ಆದ ಸಮಾವೇಶ 2012ರವರೆಗೆ ನಡೆಯಿತು. ಅತುಲ್ ಚಿಟ್ನಿಸ್ ಮುಂದಾಳುತನದ ಆ ಬಳಗ, ಬಳಸುವುದು ಸಾಕು, ಇನ್ನು ಕೊಡುವುದನ್ನು ಕಲಿಯಿರಿ ಎಂದು ಪಟ್ಟುಹಿಡಿದಿತ್ತು. ಪೈಥಾನ್ ಬಳಗದ ಸಮಾವೇಶವಾದ ಪೈಕಾನ್ ದೇಶದಲ್ಲಿ ಮೊದಲು ನಡೆದದ್ದು 2009ರಲ್ಲಿ ಇಲ್ಲಿನ ಐಐಎಸ್‌ಸಿಯಲ್ಲಿ. ಇಂದು ಫಾಸ್ ಯುನೈಟೆಡ್ ಎಂಬ ಮುಕ್ತ ತಂತ್ರಾಂಶ ಸಂಘಟನೆ ಪ್ರತಿವ‌ರ್ಷ ಇಲ್ಲಿ ಇಂಡಿಯಾಫಾಸ್ ಸಮಾವೇಶ ನಡೆಸುತ್ತಿದೆ. ಹಲವು ದೇಶಗಳು ಗುರುತಿನ ಚೀಟಿಗಾಗಿ ಬಳಸುವ ಮೊಸಿಪ್ ಎಂಬ ಮುಕ್ತ ತಂತ್ರಾಂಶ ಎಲೆಕ್ಟ್ರಾನಿಕ್ಸ್ ಸಿಟಿಯ ಐಐಐಟಿ ಅಂಗಳದಲ್ಲಿ ಹುಟ್ಟಿದ್ದು.

ಹಣದ ಕಡೆಯಿಂದಲೂ ಒಂದು ಹೆಜ್ಜೆ ಬಿದ್ದಿದೆ. ಷೇರು ವಹಿವಾಟಿನ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ, ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿಯನ್ನು ಘೋಷಿಸಿತು. ಮೆಚ್ಚಬೇಕಾದದ್ದೇ. ಆದರೆ ಈ ಲೇಖನದ ಉದ್ದಕ್ಕೂ ನೋಡಿದಂತೆ ಕೊರತೆ ಇರುವುದು ಮಾರ್ಗದರ್ಶಕರ ಗಂಟೆಗಳದ್ದು. ಅದನ್ನು ಕೊಡಬಲ್ಲವರು ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿದ್ದಾರೆ. ದಿನವಿಡೀ ಮುಕ್ತ ತಂತ್ರಾಂಶವನ್ನೇ ಬಳಸುವ, ಕಿರಿಯರ ಕೋಡ್ ಓದಿ ತಿದ್ದುವುದೇ ಉದ್ಯೋಗವಾಗಿರುವ ಹಿರಿಯ ಎಂಜಿನಿಯರುಗಳು ಅವರು. ವಾರಕ್ಕೆ ಎರಡು ಗಂಟೆ ಹೊರಗಿನ ಯೋಜನೆಯೊಂದರ ಹೊಸಬರಿಗಾಗಿ ಮೀಸಲಿಡಲು ಕಂಪನಿ ಅನುಮತಿ ಕೊಡಬಹುದು. ಆ ಎರಡು ಗಂಟೆ ವಾರ್ಷಿಕ ಮೌಲ್ಯಮಾಪನದ ಯಾವ ಕಾಲಂನಲ್ಲೂ ಬರುವುದಿಲ್ಲ ಎಂಬುದೇ ತೊಡಕು.

ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾಯಬೇಕಿಲ್ಲ. ಹಲವು ಸರ್ವರ್‌ಗಳಲ್ಲಿ ತಂತ್ರಾಂಶಗಳನ್ನು ಓಡಿಸಿ ನಿಭಾಯಿಸುವ ಕುಬರ್ನೆಟಿಸ್ ವ್ಯವಸ್ಥೆಯನ್ನು ಬಳಸುವ ಕಂಪನಿಗಳಲ್ಲಿ ಹೊರಗಿನ ಸಂಚಾರವನ್ನು ಒಳಗಿನ ಸೇವೆಗಳಿಗೆ ದಾಟಿಸಲು ಇಂಗ್ರೆಸ್ ಎಂಜಿನ್‌ಎಕ್ಸ್ ಎಂಬ ತಂತ್ರಾಂಶ ವ್ಯಾಪಕವಾಗಿತ್ತು. ವರ್ಷಗಟ್ಟಲೆ ಅದನ್ನು ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ನೋಡಿಕೊಂಡರು. ನೆರವಿಗೆ ಕರೆದರೂ ಸಾಕಷ್ಟು ಜನ ಬರಲಿಲ್ಲ. 2026ರ ಮಾರ್ಚ್‌ನ ನಂತರ ಭದ್ರತಾ ತಿದ್ದುಪಡಿಯೂ ಇರದು ಎಂದು 2025ರ ನವೆಂಬರ್‌ನಲ್ಲಿ ಪ್ರಕಟಣೆ ಬಂತು. ಎರಡು ಗಂಟೆ ಕೊಡದ ಕಂಪನಿಗಳು ಬದಲಿ ವ್ಯವಸ್ಥೆಗೆ ತಿಂಗಳುಗಳನ್ನೇ ತೆರಬೇಕಾಯಿತು.

ಮೊದಲ ಕೆಲಸ ಬೇರೆಯಾಗಬೇಕು

ಕಾಜಾ ಹಾಕುವ ಯಂತ್ರ ಬಂದ ಮೇಲೆ ದರ್ಜಿಗಳು ಅಂಗಿಗಳ ಕಟ್ಟನ್ನು ಕಾಜಾ ಅಂಗಡಿಗೆ ಕಳುಹಿಸತೊಡಗಿದರು. ಹುಡುಗರಿಗೆ ಬೇರೆ ಮೊದಲ ಕೆಲಸ ಹುಡುಕಬೇಕಾಯಿತು. ಮುಕ್ತ ತಂತ್ರಾಂಶದಲ್ಲೂ ಐದು ಸಾಲಿನ ತಿದ್ದುಪಡಿ ಇನ್ನು ಮೊದಲ ಮೆಟ್ಟಿಲಾಗಿ ಉಳಿಯಲಾರದು. ಬಂದ ದೋಷ ವರದಿ ನಿಜವೇ ಎಂದು ತನ್ನ ಕಂಪ್ಯೂಟರಿನಲ್ಲಿ ಮರಳಿ ಮಾಡಿ ನೋಡುವುದು, ಬೇರೆಯವರ ಕೋಡ್ ಓದಿ ಪ್ರಶ್ನೆ ಕೇಳುವುದು, ಬಳಕೆದಾರರ ಗೊಂದಲಕ್ಕೆ ಉತ್ತರಿಸುವುದು ಆ ಜಾಗಕ್ಕೆ ಬರಬಹುದು. ಇವು ಮೇಂಟೇನರ್ ಹೊರೆಯನ್ನು ಇಳಿಸುತ್ತವೆ, ಮಾಡುವವರ ತಿಳಿವಳಿಕೆಯನ್ನೂ ತೋರಿಸುತ್ತವೆ. ಹಸಿರು ಚೌಕ ಮಾತ್ರ ಬೇಗ ತುಂಬುವುದಿಲ್ಲ.

ಕನ್ನಡ ಬಲ್ಲವರಿಗೆ ಇನ್ನೊಂದು ಬಾಗಿಲಿದೆ, ಅಲ್ಲಿ ನೂಕುನುಗ್ಗಲಿಲ್ಲ. ಫೈರ್‌ಫಾಕ್ಸ್ ಕನ್ನಡದಲ್ಲಿ ಕಾಣಲು ಮೊಝಿಲ್ಲಾದ ಪಾಂಟೂನ್ ಎಂಬ ಅನುವಾದ ತಾಣದಲ್ಲಿ ಯಾರು ಬೇಕಾದರೂ ಅನುವಾದ ಸೂಚಿಸಬಹುದು, ಅಧಿಕಾರವುಳ್ಳ ಇನ್ನೊಬ್ಬ ಕನ್ನಡಿಗರು ಓದಿ ಒಪ್ಪಿದ ಮೇಲೆ ಅದು ಬಳಕೆಗೆ ಬರುತ್ತದೆ. ಯಂತ್ರದ ಅನುವಾದ ಸುರಿಯುವುದು ಇಲ್ಲಿಯೂ ಸುಲಭ, ಓದಿ ಒಪ್ಪುವ ಕನ್ನಡಿಗರೇ ವಿರಳ. ಇನ್ನು ತಂತ್ರಾಂಶದೊಳಗಿನ ಕನ್ನಡದ ದೋಷಗಳು. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು. ಹೆಸರನ್ನು ಇಂತಿಷ್ಟೇ ಅಕ್ಷರಕ್ಕೆ ಕತ್ತರಿಸುವ ಅರ್ಜಿ ನಮೂನೆ ಅದನ್ನು ‘ಸ್ತ್’ ಎಂದು ತುಂಡರಿಸಿ ಇಡಬಹುದು. ‘ಸೂರ್ಯ’ದಲ್ಲಿ ಅರ್ಕಾವೊತ್ತು ಸರಿ, ಆದರೆ ‘ರ‍್ಯಾಂಕ್’ ಸರಿಯಾಗಿ ಮೂಡಲು ರಕಾರದ ಬಳಿ ಕಣ್ಣಿಗೆ ಕಾಣದ ಸಂಕೇತವೊಂದು ಇರಬೇಕು. ಪಠ್ಯವನ್ನು ಶುಚಿಗೊಳಿಸುವ ಭರದಲ್ಲಿ ಯಾವುದಾದರೂ ಪ್ರೋಗ್ರಾಂ ಆ ಸಂಕೇತವನ್ನು ಕಿತ್ತುಹಾಕಿದರೆ ಪದ ‘ರ್ಯಾಂಕ್’ ಆಗಿಬಿಡುತ್ತದೆ. ಬರ್ಲಿನ್‌ನಲ್ಲೋ ಸಿಯಾಟಲ್‌ನಲ್ಲೋ ಕೂತ ಮೇಂಟೇನರ್‌ಗೆ ಇವೆರಡರ ವ್ಯತ್ಯಾಸ ಕಾಣುವುದಿಲ್ಲ. ಯಾವುದು ಸರಿ ಎಂದು ಅವರು ಕಲಿಯಬೇಕಾದದ್ದು, ಮೊದಲ ಸಲ ಪುಲ್ ರಿಕ್ವೆಸ್ಟ್ ಕಳುಹಿಸುತ್ತಿರುವ ಹಾವೇರಿಯ ವಿದ್ಯಾರ್ಥಿಯಿಂದ.